ಮಾತು ಬಿಟ್ಟವರ ಜೊತೆ ಕೊಡಗಿನಲ್ಲಿ ನಾಲ್ಕು ದಿನ

ಮೊದಲ ದಿನ, ಗುರುವಾರ

ನಾನು ಹಾಡುಗಾರ್ತಿಯ ಗಂಡ. ಹೊಟ್ಟೆಪಾಡಿಗೆ ಬ್ಯಾಂಕಿನಲ್ಲಿ ಕೆಲಸ. ಕಛೇರಿ ಇರುವ ದಿನ ಮಾತ್ರ ಕೆಲಸವೇ ಬೇರೆ. ಕಾರು ಓಡಿಸಬೇಕು, ತಂಬೂರಿ ಹೊರಬೇಕು, ಫ್ಲಾಸ್ಕಿನಲ್ಲಿ ಬಿಸಿನೀರು ಇದೆಯಾ ನೋಡಬೇಕು, ಮೈಕಿನವರಿಗೆ 'ಸ್ವಲ್ಪ ಬೇಸ್ ಕಮ್ಮಿ ಮಾಡಿ ಸ್ವಾಮಿ' ಅಂತ ನಾಲ್ಕು ಸಲ ಹೇಳಬೇಕು, ಆಮೇಲೆ ಮೂರನೇ ಸಾಲಿನಲ್ಲಿ ಕೂತು ತೂಕಡಿಸದ ಹಾಗೆ ನೋಡಿಕೊಳ್ಳಬೇಕು. ಹನ್ನೊಂದು ವರ್ಷದಿಂದ ಮಾಡುತ್ತಿದ್ದೇನೆ. ಮದುವೆಯಾದ ಹೊಸದರಲ್ಲಿ ಇದು ನನಗೊಬ್ಬನಿಗೇ ಬಂದ ಕಷ್ಟ ಅನ್ನಿಸಿ, ಬೇರೆ ಸಂಗೀತಗಾರರ ಮನೆಯವರು ಹೇಗಿದ್ದರು ಅಂತ ಓದಲು ಶುರು ಮಾಡಿದೆ. ಅದೇ ಒಂದು ಚಟವಾಯಿತು. ರಾಗ ಹಿಡಿಯುವುದರಲ್ಲಿ ಈಗಲೂ ತಪ್ಪುತ್ತೇನೆ, ಯಾರ ಮನೆಯಲ್ಲಿ ಯಾರು ಅಡುಗೆ ಮಾಡುತ್ತಿದ್ದರು ಅಂತ ಕೇಳಿದರೆ ಹೇಳುತ್ತೇನೆ.

ಈ ಸಲದ ಕಛೇರಿ ಕೊಡಗಿನಲ್ಲಿ. ಇವಳ ಹತ್ತಿರ ಹಾಡು ಕಲಿಯುವ ಒಬ್ಬ ಹುಡುಗಿಯ ಅಜ್ಜ ಅಜ್ಜಿ ನಾಪೋಕ್ಲು ಕಡೆ ಕಾಫಿ ತೋಟದವರು. ಮದುವೆಯಾಗಿ 50 ವರ್ಷ ಆಯಿತಂತೆ. ಶನಿವಾರ ಸಂಜೆ ಮನೆ ಅಂಗಳದಲ್ಲಿ ಒಂದು ಕಛೇರಿ ಇಟ್ಟುಕೊಂಡಿದ್ದರು. ಎರಡು ದಿನ ಮುಂಚೆ ಬಂದು ಆರಾಮಾಗಿ ಇರಿ ಅಂದರು. ಮಗಳು ಪಾಪುವನ್ನು ಅಮ್ಮನ ಹತ್ತಿರ ಬಿಟ್ಟು ಹೊರಟೆವು. ಪಕ್ಕವಾದ್ಯಕ್ಕೆ ಪಿಟೀಲಿನ ಅಕ್ಕ, ಮೃದಂಗದ ಭಾವ. ಅವರಿಬ್ಬರೂ ಗಂಡ ಹೆಂಡತಿ. ನಮಗೆ ನೆಂಟರೇನಲ್ಲ, ಇಷ್ಟು ವರ್ಷ ಒಟ್ಟಿಗೆ ಓಡಾಡಿ ಅಕ್ಕ ಭಾವ ಆಗಿಬಿಟ್ಟಿದ್ದಾರೆ.

ಬೆಳಿಗ್ಗೆ ಆರಕ್ಕೆ ಹೊರಡಬೇಕಿತ್ತು, ಏಳೂವರೆ ಆಯಿತು. ಮೈಸೂರಿನ ಸರಸ್ವತಿಪುರಂನಲ್ಲಿ ಅವರ ಮನೆ ಮುಂದೆ ಕಾರು ನಿಲ್ಲಿಸಿದರೆ ಭಾವ ಬಂದು ಮುಂದಿನ ಸೀಟಿನಲ್ಲಿ ಕೂತರು. ಯಾವತ್ತೂ ಹಿಂದೆ ಅಕ್ಕನ ಪಕ್ಕ ಕೂತು, ಇಬ್ಬರೂ ತೊಡೆ ಮೇಲೆ ತಾಳ ಹಾಕಿಕೊಂಡು ಲೆಕ್ಕಾಚಾರ ಮಾಡುತ್ತಾ ಬರುವವರು. ಏನೋ ಸರಿ ಇಲ್ಲ ಅಂದುಕೊಂಡೆ. ಯಲಚಹಳ್ಳಿ ಹತ್ತಿರ ಅಕ್ಕ ಹಿಂದಿನಿಂದ ಹೇಳಿದರು: 'ನಿಮ್ಮ ಭಾವನಿಗೆ ಕಿಟಕಿ ಏರಿಸೋಕೆ ಹೇಳಿ, ಇವಳ ಗಂಟಲಿಗೆ ಗಾಳಿ ಆಗಲ್ಲ.' ಭಾವ ನನ್ನಿಂದ ಒಂದು ಅಡಿ ದೂರದಲ್ಲಿದ್ದರು, ಅಕ್ಕನಿಂದ ಎರಡು ಅಡಿ. ನಾನು ಹೇಳಿದೆ. ಅವರು ಏರಿಸಿದರು.

ಹುಣಸೂರಿನಲ್ಲಿ ಇಡ್ಲಿ ತಿನ್ನುವಾಗ ಇವಳು ಮೆಲ್ಲಗೆ ವಿಷಯ ಹೇಳಿದಳು. ಭಾವ 40 ದಿನದ ಅಮೆರಿಕ ಪ್ರವಾಸಕ್ಕೆ ಒಪ್ಪಿಕೊಂಡಿದ್ದಾರೆ, ಬೇರೆ ಗಾಯಕರ ಜೊತೆ. ಮನೆಯಲ್ಲಿ ಕೇಳಿಲ್ಲ. ಆ ದಿನಗಳಲ್ಲೇ ಅಕ್ಕನ ಅಮ್ಮನ ಕಣ್ಣಿನ ಆಪರೇಷನ್ ಇದೆ. ಇಬ್ಬರೂ ಒಟ್ಟಿಗೆ ನುಡಿಸುತ್ತೇವೆ ಅಂತ ಒಪ್ಪಿಕೊಂಡಿದ್ದ ಎರಡು ಕಛೇರಿಗಳೂ ಆಗಲೇ. ಅಕ್ಕನಿಗೆ ಇದೆಲ್ಲ ಗೊತ್ತಾಗಿದ್ದು ಟಿಕೆಟ್ ಮೊಬೈಲಿಗೆ ಬಂದಾಗ. ಆರು ದಿನದಿಂದ ಮಾತಿಲ್ಲ. ಗಂಡ ಹೆಂಡಿರ ಜಗಳ ಉಂಡು ಮಲಗೋ ತನಕ ಅಂತಾರೆ. ಇವರು ಆರು ಸಲ ಉಂಡು ಮಲಗಿ ಎದ್ದರೂ ಮುಗಿದಿಲ್ಲ.

ಪಿರಿಯಾಪಟ್ಟಣ, ಬೈಲಕುಪ್ಪೆ ಎಲ್ಲ ಹಾಗೇ ಹಾದುಹೋದವು. ಬೈಲಕುಪ್ಪೆಯ ದೇವಸ್ಥಾನಕ್ಕೆ ಹೋಗೋಣವಾ ಅಂತ ಕೇಳಿದೆ, ಯಾರೂ ಉತ್ತರ ಕೊಡಲಿಲ್ಲ. ಕುಶಾಲನಗರದಲ್ಲಿ ಕಾವೇರಿ ಸೇತುವೆ ದಾಟಿದ ಮೇಲೆ ಮೈಸೂರಿನ ಧೂಳು ಹಿಂದೆ ಉಳಿಯಿತು. ಸುಂಟಿಕೊಪ್ಪದಿಂದ ಆಚೆ ರಸ್ತೆ ಎರಡೂ ಕಡೆ ಸಿಲ್ವರ್ ಓಕ್ ಮರ, ಮರಕ್ಕೆ ಹಬ್ಬಿದ ಮೆಣಸಿನ ಬಳ್ಳಿ, ಕೆಳಗೆ ಕಾಫಿ. ಜನವರಿ ಮೂರನೇ ವಾರ. ರೋಬಸ್ಟಾ ಕುಯ್ಲು ನಡೆಯುತ್ತಿತ್ತು. ಎಲ್ಲಿ ನೋಡಿದರೂ ಕಣದಲ್ಲಿ ಹಣ್ಣು ಹರಡಿದ್ದರು.

ಮನೆ ತಲುಪಿದಾಗ ಒಂದು ಗಂಟೆ. ಅಜ್ಜ ಸೈನ್ಯದಿಂದ ನಿವೃತ್ತರು, 28 ವರ್ಷ ಸೇವೆ, ಈಗಲೂ ನಿಂತರೆ ಗೆರೆ ಎಳೆದ ಹಾಗೆ. ಅಜ್ಜಿ ಸಣ್ಣಗೆ, ಚುರುಕು. ಅವರಿಬ್ಬರೂ ತಮ್ಮಲ್ಲಿ ಕೊಡವ ತಕ್ಕ್ ಆಡುತ್ತಾರೆ, ನಮ್ಮ ಜೊತೆ ಕನ್ನಡ. ಊಟಕ್ಕೆ ಕಡಂಬುಟ್ಟು, ಅಂದರೆ ಅಕ್ಕಿ ತರಿಯ ಉಂಡೆ, ಇತ್ತು. ಉಳಿದ ಮೂವರಿಗೆ ತರಕಾರಿ ಸಾರು, ನನಗೆ ಕಾಚಂಪುಳಿ ಅನ್ನುವ ಹುಳಿ ಹಾಕಿ ಕಪ್ಪಗೆ ಮಾಡಿದ ಪಂದಿ ಕರಿ, ಅಂದರೆ ಹಂದಿ ಮಾಂಸ. ಇವಳು ನನ್ನ ತಟ್ಟೆ ನೋಡಿ ಮುಖ ಆ ಕಡೆ ತಿರುಗಿಸಿದಳು. ಗಂಟಲಿಗಾಗಿ ಮೊಸರು ಬಿಟ್ಟಿದ್ದಾಳೆ, ಐಸ್‌ಕ್ರೀಂ ಬಿಟ್ಟಿದ್ದಾಳೆ, ಎಣ್ಣೆ ತಿಂಡಿ ಬಿಟ್ಟಿದ್ದಾಳೆ. ನಾನು ಏನನ್ನೂ ಬಿಟ್ಟಿಲ್ಲ.

ರಾತ್ರಿ ಚಳಿಗೆ ಅಂಗಳದಲ್ಲಿ ಬೆಂಕಿ ಹಾಕಿದರು. ಅಜ್ಜಿಗೆ ರೇಡಿಯೋ ಅಂದರೆ ಪ್ರಾಣ. ಮಡಿಕೇರಿ ಆಕಾಶವಾಣಿಯಲ್ಲಿ ಬೆಳಿಗ್ಗೆ ಎಂ.ಎಸ್. ಸುಬ್ಬುಲಕ್ಷ್ಮಿ ಹಾಡು ಬಂದರೆ ಒಲೆ ಮೇಲಿನ ಹಾಲು ಉಕ್ಕಿದರೂ ಗೊತ್ತಾಗಲ್ಲ ಅಂದರು. 'ಅವರ ಗಂಡ ತುಂಬಾ ಒಳ್ಳೆಯವರಂತೆ, ಎಲ್ಲಾ ಅವರೇ ನೋಡಿಕೊಳ್ಳುತ್ತಿದ್ದರಂತೆ, ಅಲ್ವಾ?'

ನನ್ನ ಚಟದ ವಿಷಯ. ಸುಮ್ನೆ ಇರಬೇಕಿತ್ತು, ಇರಲಿಲ್ಲ. ಸದಾಶಿವಂ ಅವರನ್ನು ಎಂ.ಎಸ್. ಮದುವೆಯಾಗಿದ್ದು 1940ರಲ್ಲಿ. ಮರುವರ್ಷವೇ ಒಂದು ಸಿನಿಮಾದಲ್ಲಿ ನಾರದನ ವೇಷ ಹಾಕಿದರು. ಹೆಣ್ಣು ನಾರದ. ಆ ಸಿನಿಮಾದ ದುಡ್ಡು ಸದಾಶಿವಂ ಮತ್ತು ಅವರ ಗೆಳೆಯರು ಶುರು ಮಾಡಿದ 'ಕಲ್ಕಿ' ಪತ್ರಿಕೆಗೆ ಹೋಯಿತು. ಯಾವ ಕಛೇರಿ ಒಪ್ಪಬೇಕು, ಏನು ಹಾಡಬೇಕು ಅನ್ನುವುದರಲ್ಲೆಲ್ಲ ಗಂಡನ ಮಾತೇ ನಡೆಯುತ್ತಿತ್ತು. ಸದಾಶಿವಂ ಅವರ ಮೊದಲ ಹೆಂಡತಿಯ ಮಗಳು ರಾಧಾ ಎಷ್ಟೋ ವರ್ಷ ಎಂ.ಎಸ್. ಪಕ್ಕದಲ್ಲಿ ಕೂತು ಜೊತೆಗೆ ಹಾಡಿದರು. 1997ರಲ್ಲಿ ಸದಾಶಿವಂ ಹೋದರು. ಎಂ.ಎಸ್. ಬದುಕಿದ್ದು 2004ರವರೆಗೆ. ಆ ಏಳು ವರ್ಷ ವೇದಿಕೆ ಹತ್ತಲೇ ಇಲ್ಲ.

'ನೋಡಿ' ಅಂದರು ಭಾವ, ಬೆಂಕಿ ನೋಡಿಕೊಂಡು. 'ಒಬ್ಬರು ಹಿಂದೆ ನಿಂತರೇನೇ ಇನ್ನೊಬ್ಬರು ಮೇಲೆ ಬರೋದು.'

ಅಕ್ಕ ನನ್ನ ಕಡೆ ತಿರುಗಿದರು. 'ಯಾವಾಗಲೂ ಹಿಂದೆ ನಿಲ್ಲಬೇಕಾದವರು ಯಾರು ಅಂತ ಕೇಳಿ.'

ಭಾವ ಬಿಡಲಿಲ್ಲ. ಕುಮಾರ ಗಂಧರ್ವರನ್ನು ತಂದರು. ನಮ್ಮ ಬೆಳಗಾವಿ ಕಡೆಯ ಸೂಳೇಭಾವಿಯ ಹುಡುಗ ಶಿವಪುತ್ರ ಕೊಂಕಾಳಿಮಠ. ಸಣ್ಣ ವಯಸ್ಸಿಗೇ ಹೆಸರು ಮಾಡಿ, 1947ರಲ್ಲಿ ಭಾನುಮತಿಯವರನ್ನು ಮದುವೆಯಾಗಿ, ಅಷ್ಟರಲ್ಲೇ ಕ್ಷಯ ಬಂದು ದೇವಾಸ್‌ಗೆ ಹೋಗಿ ಹಾಸಿಗೆ ಹಿಡಿದರು. ಹಾಡಬೇಡಿ, ಜೀವಕ್ಕೆ ಅಪಾಯ ಅಂದರು ಡಾಕ್ಟರು. ಭಾನುಮತಿ ಶಾಲೆಯಲ್ಲಿ ಪಾಠ ಹೇಳಿ ಮನೆ ನಡೆಸಿದರು, ಗಂಡನ ಆರೈಕೆಯನ್ನೂ ಮಾಡಿದರು. ವರ್ಷಗಟ್ಟಲೆ. ಸ್ಟ್ರೆಪ್ಟೋಮೈಸಿನ್ ಔಷಧಿ ಸಿಕ್ಕ ಮೇಲೆ ಅವರು ಎದ್ದು ಮತ್ತೆ ಹಾಡಿದರು, ಒಂದು ಶ್ವಾಸಕೋಶ ಹಾಳಾಗಿದ್ದರೂ. 'ಭಾನುಮತಿ ಇಲ್ಲದಿದ್ದರೆ ಕುಮಾರ ಗಂಧರ್ವರೇ ಇಲ್ಲ' ಅಂದರು ಭಾವ.

'ಅವರಿಗೆ ಕಾಯಿಲೆ ಇತ್ತು' ಅಂದರು ಅಕ್ಕ. 'ಇವರಿಗೆ ಏನು ಕಾಯಿಲೆ ಅಂತ ಕೇಳಿ.'

ಅಜ್ಜ ಜೋರಾಗಿ ನಕ್ಕುಬಿಟ್ಟರು. ಇವಳು ನನ್ನ ಕಾಲು ತುಳಿದಳು. ಭಾನುಮತಿಯವರೂ ಹಾಡು ಕಲಿತವರೇ, 1961ರಲ್ಲಿ ಎರಡನೇ ಮಗನ ಹೆರಿಗೆಯಲ್ಲಿ ತೀರಿಕೊಂಡರು ಅನ್ನುವ ಮಾತು ನನ್ನ ಬಾಯಿಯವರೆಗೆ ಬಂದಿತ್ತು. ನುಂಗಿಕೊಂಡೆ.

ಎರಡನೇ ದಿನ, ಶುಕ್ರವಾರ

ಐದು ಗಂಟೆಗೆ ಇವಳ ಸಾಧನೆ. ಕೆಳಗಿನ ಸ್ವರದಲ್ಲಿ ನಿಂತು ಅರ್ಧ ಗಂಟೆ, ಬೇರೇನೂ ಇಲ್ಲ. ಮನೆಯಲ್ಲಾದರೆ ನಾನು ದಿಂಬು ಕಿವಿಗೆ ಒತ್ತಿಕೊಳ್ಳುತ್ತೇನೆ. ಇಲ್ಲಿ ಯಾಕೋ ಎದ್ದು ಹೊರಗೆ ಹೋದೆ. ಮಂಜು ಎಷ್ಟಿತ್ತೆಂದರೆ ಕಣದ ಆಚೆ ತುದಿ ಕಾಣುತ್ತಿರಲಿಲ್ಲ. ಅಜ್ಜಿ ಆಗಲೇ ಎದ್ದು ಬೆಲ್ಲದ ಕಾಫಿ ಮಾಡಿದ್ದರು. ಒಂದು ಲೋಟ ನನ್ನ ಕೈಗೆ ಕೊಟ್ಟು, ಒಳಗಿನ ದನಿ ಕೇಳುತ್ತಾ ನಿಂತರು.

'ದಿನಾ ಹೀಗೇನಾ?'

'ದಿನಾ.'

'ಇವರು ಗಡಿಯಲ್ಲಿದ್ದರು, ನಾನು ತೋಟದಲ್ಲಿದ್ದೆ. ವರ್ಷಕ್ಕೆ ಎರಡು ತಿಂಗಳು ರಜೆ. ಹತ್ತು ತಿಂಗಳು ಚೆನ್ನಾಗಿ ನಡೀತಿತ್ತು. ಆ ಎರಡು ತಿಂಗಳೇ ಕಷ್ಟ. ಮೆಣಸು ಯಾಕೆ ಇಷ್ಟಕ್ಕೆ ಮಾರಿದೆ, ಆ ಆಳನ್ನು ಯಾಕೆ ಬಿಡಿಸಿದೆ ಅಂತ. ನಿವೃತ್ತಿ ಆಗಿ ಬಂದ ಮೊದಲ ವರ್ಷ ಇವರನ್ನು ವಾಪಸ್ ತಗೊಳ್ಳಿ ಅಂತ ಸೈನ್ಯಕ್ಕೆ ಕಾಗದ ಬರೆಯೋಣ ಅನ್ನಿಸಿತ್ತು.'

ಬೆಳಿಗ್ಗೆ ನೂಪುಟ್ಟು ತಿಂದು ಕಕ್ಕಬ್ಬೆ ಕಡೆ ನಾಲ್ಕುನಾಡು ಅರಮನೆ ನೋಡಲು ಹೋದೆವು. 1792ರಲ್ಲಿ ದೊಡ್ಡವೀರರಾಜೇಂದ್ರ ಕಟ್ಟಿಸಿದ್ದು. ಅರಮನೆ ಅಂದರೆ ಮೈಸೂರಿನದ್ದನ್ನು ತಲೆಯಲ್ಲಿಟ್ಟುಕೊಂಡು ಹೋಗಬೇಡಿ. ಎರಡು ಅಂತಸ್ತಿನ ಹೆಂಚಿನ ಮನೆ, ಒಳಗೆ ಕತ್ತಲೆ ಕೋಣೆಗಳು, ಗೋಡೆ ಮೇಲೆ ಮಾಸಿದ ಚಿತ್ರ. ಕೊನೆಯ ಅರಸ ಚಿಕ್ಕವೀರರಾಜೇಂದ್ರ 1834ರಲ್ಲಿ ಇಂಗ್ಲಿಷರಿಗೆ ಶರಣಾಗುವ ಮುಂಚೆ ಇಲ್ಲೇ ಬಂದು ಸೇರಿಕೊಂಡಿದ್ದು. ಮುಂದೆ ಒಂದು ಪುಟ್ಟ ಮಂಟಪ ಇದೆ, ಅರಸನ ಮದುವೆಗೆಂದು ಕಟ್ಟಿದ್ದಂತೆ. ಅಕ್ಕ ಮಂಟಪದ ಈ ಕಡೆ ಕೂತರು, ಭಾವ ಆ ಕಡೆ. ನಾನು ಫೋಟೋ ತೆಗೆದೆ. ಇಬ್ಬರೂ ಫೋಟೋದಲ್ಲಿ ಇದ್ದಾರೆ, ನಡುವೆ ಒಂದು ಕಂಬ.

ವಾಪಸ್ ಬರುವಾಗ ಕಾರಿನಲ್ಲಿ ಅನ್ನಪೂರ್ಣಾ ದೇವಿಯವರ ವಿಷಯ ಬಂತು. ಈ ಸಲ ನಾನು ತೆಗೆದದ್ದಲ್ಲ, ಅಕ್ಕ ತೆಗೆದರು. ಮೈಹರ್‌ನ ಅಲ್ಲಾವುದ್ದೀನ್ ಖಾನರ ಮಗಳು, ಸಿತಾರ್ ಜಾತಿಯ ದೊಡ್ಡ ವಾದ್ಯ ಸುರಬಹಾರ್ ನುಡಿಸುತ್ತಿದ್ದವರು. 1941ರಲ್ಲಿ ಅಪ್ಪನ ಶಿಷ್ಯ ರವಿಶಂಕರ್ ಅವರ ಜೊತೆ ಮದುವೆ. ಇಬ್ಬರೂ ಒಟ್ಟಿಗೆ ನುಡಿಸಿದ ಕಛೇರಿಗಳಲ್ಲಿ ಹೆಂಡತಿಗೇ ಜಾಸ್ತಿ ಚಪ್ಪಾಳೆ ಬರುತ್ತಿತ್ತು, ಅದಕ್ಕೇ ಅವರು ಜನರ ಮುಂದೆ ನುಡಿಸುವುದನ್ನು ಬಿಟ್ಟರು ಅನ್ನುವುದು ಒಂದು ಮಾತು. ಗಂಡ ಹೇಳಿದ್ದು ಬೇರೆ ಮಾತು. ಎರಡನ್ನೂ ಕೇಳಿದವರು ತಮಗೆ ಬೇಕಾದದ್ದನ್ನು ಇಟ್ಟುಕೊಂಡಿದ್ದಾರೆ. ಆದರೆ ಮುಂಬೈಯ ಮನೆಯ ಬಾಗಿಲು ಹಾಕಿಕೊಂಡು ಕೂತು ಅವರು ಕಲಿಸಿದ್ದಂತೂ ಸುಳ್ಳಲ್ಲ. ನಿಖಿಲ್ ಬ್ಯಾನರ್ಜಿ, ಹರಿಪ್ರಸಾದ್ ಚೌರಾಸಿಯಾ ಎಲ್ಲ ಆ ಮನೆಯ ಶಿಷ್ಯರು. ಒಬ್ಬನೇ ಮಗ ಶುಭೋ 1992ರಲ್ಲಿ ತೀರಿಕೊಂಡ, ಐವತ್ತು ವರ್ಷಕ್ಕೆ.

'ಸುರಬಹಾರ್ ಹೋಯಿತು, ಮದುವೆಯೂ ಉಳಿಯಲಿಲ್ಲ. ಬಿಟ್ಟಿದ್ದಕ್ಕೆ ಏನು ಬಂತು ಅಂತ ಕೇಳಿ ನಿಮ್ಮ ಭಾವನನ್ನ.'

ಭಾವ ಕಿಟಕಿ ಆಚೆ ನೋಡಿದರು.

ನನಗೆ ಆ ಕಥೆಯಲ್ಲಿ ಇಷ್ಟವಾಗುವವರು ಬೇರೆ. ಋಷಿಕುಮಾರ್ ಪಂಡ್ಯ. ಅನ್ನಪೂರ್ಣಾ ದೇವಿಯವರ ಹತ್ತಿರ ಸಿತಾರ್ ಕಲಿಯಲು ಬಂದವರು, ವಯಸ್ಸಿನಲ್ಲಿ ಚಿಕ್ಕವರು. 1982ರಲ್ಲಿ ಅವರನ್ನು ಮದುವೆಯಾಗಿ, 2013ರಲ್ಲಿ ತಾವು ಸಾಯುವವರೆಗೂ ಆ ಮನೆ ನೋಡಿಕೊಂಡರು. ಅವರ ಬಗ್ಗೆ ಯಾರೂ ದೊಡ್ಡದಾಗಿ ಬರೆಯುವುದಿಲ್ಲ. ನಾನು ಬರೆಯಬೇಕು ಅಂದುಕೊಂಡು ಎಂಟು ವರ್ಷ ಆಯಿತು.

ಮಧ್ಯಾಹ್ನ ಪಾಪು ಫೋನ್ ಮಾಡಿದಳು. ಶಾಲೆಯಲ್ಲಿ ನಾಳೆ ಹಾಡಿನ ಸ್ಪರ್ಧೆ ಇತ್ತಂತೆ. ನಮಗಿಬ್ಬರಿಗೂ ಮರೆತೇ ಹೋಗಿತ್ತು. ಇವಳು ಫೋನಿನಲ್ಲೇ ಹಾಡಿಸಿ, 'ಎರಡನೇ ಸಾಲಿನಲ್ಲಿ ಶ್ರುತಿ ಇಳೀತು ಪುಟ್ಟ' ಅಂದಳು. ಆ ಕಡೆಯಿಂದ ಸ್ವಲ್ಪ ಹೊತ್ತು ಸದ್ದಿಲ್ಲ. ಆಮೇಲೆ 'ಅಪ್ಪಂಗೆ ಕೊಡು.' ನಾನು ತುಂಬಾ ಚೆನ್ನಾಗಿತ್ತು ಅಂದೆ. 'ನಿಂಗೆ ಗೊತ್ತಾಗಲ್ಲ ಬಿಡಪ್ಪ' ಅಂದಳು.

ಅದೇ ತಲೆಯಲ್ಲಿ ಕೂತಿತು. ಭೀಮಸೇನ ಜೋಶಿಯವರು ಹನ್ನೊಂದನೇ ವಯಸ್ಸಿಗೆ ಗದಗಿನ ಮನೆ ಬಿಟ್ಟು ಗುರುವನ್ನು ಹುಡುಕಿಕೊಂಡು ಹೋದರು, ಅದಕ್ಕೆ ಮುಂಚೆ ಅಮ್ಮ ತುಪ್ಪ ಜಾಸ್ತಿ ಬಡಿಸಲಿಲ್ಲ ಅಂತ ಜಗಳ ಆಗಿತ್ತು. ಈ ತುಪ್ಪದ ಕಥೆಯನ್ನು ಕರ್ನಾಟಕದಲ್ಲಿ ಹೇಳದವರಿಲ್ಲ. ಮುಂದಿನದ್ದನ್ನು ಯಾರೂ ಮಕ್ಕಳಿಗೆ ಹೇಳುವುದಿಲ್ಲ. 1944ರಲ್ಲಿ ಸುನಂದಾ ಅವರ ಜೊತೆ ಮದುವೆ, ನಾಲ್ಕು ಮಕ್ಕಳು. 1951ರಲ್ಲಿ ಜೊತೆಯಲ್ಲಿ ನಾಟಕ ಆಡಿದ್ದ ವತ್ಸಲಾ ಅವರ ಜೊತೆ ಎರಡನೇ ಮದುವೆ. ಆಗ ಮುಂಬೈ ಪ್ರಾಂತ್ಯದಲ್ಲಿ ಹೆಂಡತಿ ಇರುವಾಗ ಇನ್ನೊಂದು ಮದುವೆಗೆ ಕಾನೂನು ಅಡ್ಡ ಬರುತ್ತಿತ್ತು, ನಾಗಪುರದಲ್ಲಿ ಬರುತ್ತಿರಲಿಲ್ಲ, ಅದಕ್ಕೆ ಅಲ್ಲಿ ಹೋಗಿ ಮಾಡಿಕೊಂಡರು. ಮೊದಲ ಮನೆಯ ಹಿರಿಯ ಮಗ ರಾಘವೇಂದ್ರ ಅಪ್ಪನ ಬಗ್ಗೆ ಮರಾಠಿಯಲ್ಲಿ ಒಂದು ಪುಸ್ತಕವನ್ನೇ ಬರೆದಿದ್ದಾರೆ. ಎಂಟು ಸಾವಿರ ಜನ ಕೂತು ಕೇಳುವ ದನಿಯನ್ನು ಮನೆಯ ಬಾಗಿಲಲ್ಲಿ ಕಾಯುವುದು ಹೇಗಿರುತ್ತದೆ ಅಂತ ಅಂಥ ಮಕ್ಕಳಿಗೆ ಮಾತ್ರ ಗೊತ್ತು. ಮಲ್ಲಿಕಾರ್ಜುನ ಮನ್ಸೂರರ ಮಗ ರಾಜಶೇಖರ ಇನ್ನೊಂದು ದಾರಿ ಹಿಡಿದರು. ಧಾರವಾಡದಲ್ಲಿ ಇಂಗ್ಲಿಷ್ ಮೇಷ್ಟ್ರಾಗಿದ್ದುಕೊಂಡೇ ಎಷ್ಟೋ ವರ್ಷ ಅಪ್ಪನ ಹಿಂದೆ ಕೂತು ದನಿ ಕೊಟ್ಟರು. ಏಳು ಹೆಣ್ಣುಮಕ್ಕಳ ಜೊತೆಗೆ ಒಬ್ಬನೇ ಗಂಡು ಮಗ ಅವರು. ನಮ್ಮ ಪಾಪು ಯಾವ ದಾರಿ ಹಿಡಿಯುತ್ತಾಳೋ. ಇಂಜಿನಿಯರ್ ಆಗಿ ಹಾಡೇ ಕೇಳಲ್ಲ ಅಂದರೂ ನನಗೆ ಆಶ್ಚರ್ಯ ಇಲ್ಲ.

ಸಂಜೆ ದುಡಿ ಬಾರಿಸುವ ನಾಲ್ಕು ಜನ ಬಂದರು, ನಾಳೆಗೆ ಅಭ್ಯಾಸ ಮಾಡಲು. ಕೊಡವರ ನಿಲುವಂಗಿ ಕುಪ್ಪಸ ಇಲ್ಲ, ಸೊಂಟಕ್ಕೆ ಸಿಕ್ಕಿಸುವ ಪೀಚೆಕತ್ತಿ ಇಲ್ಲ, ಪ್ಯಾಂಟು ಸ್ವೆಟರಿನಲ್ಲೇ. ದುಡಿ ಅಂದರೆ ನಡು ಸಣ್ಣಗಿರುವ ಕೈಯಳತೆಯ ವಾದ್ಯ, ಸಣ್ಣ ಕೋಲಿನಿಂದ ಬಾರಿಸುತ್ತಾರೆ. ಇಬ್ಬರು ಒಂದು ಸಾಲು ಎತ್ತಿದರೆ ಇನ್ನಿಬ್ಬರು ತಗೊಳ್ಳುತ್ತಾರೆ. ಬಾಳೋ ಬಾಳೋ ಅಂತ ಶುರುವಾಗುವ ಹಾಡು, ಮನೆಯವರ ಹೆಸರು, ಅವರ ಬದುಕು ಎಲ್ಲ ಅದರೊಳಗೆ ಬರುತ್ತದೆ. ಈ ಹಾಡುಗಳನ್ನು ನಡಿಕೇರಿಯಂಡ ಚಿಣ್ಣಪ್ಪ ಅನ್ನುವವರು ಊರೂರು ಸುತ್ತಿ ಕಲೆಹಾಕಿ 1924ರಲ್ಲೇ ಅಚ್ಚು ಹಾಕಿಸಿದ್ದಾರೆ. ಭಾವ ಮೊದಲು ದೂರ ಕೂತಿದ್ದವರು ಹತ್ತಿರ ಸರಿದರು, ಆಮೇಲೆ ತೊಡೆ ಮೇಲೆ ಬೆರಳು ಆಡತೊಡಗಿತು. ಕತ್ತು ತಿರುಗಿಸಿ ನೋಡಿದರೆ ಅಕ್ಕನ ಬೆರಳೂ ಅದೇ ಲೆಕ್ಕ ಹಾಕುತ್ತಿತ್ತು, ಇಪ್ಪತ್ತು ಅಡಿ ದೂರದಲ್ಲಿ. ಇಬ್ಬರೂ ಒಬ್ಬರನ್ನೊಬ್ಬರು ನೋಡಲಿಲ್ಲ.

ದುಡಿಯವರಲ್ಲಿ ಹಿರಿಯರನ್ನು ಕೇಳಿದೆ, ಹೀಗೆ ಹಾಡಲು ಹೋದರೆ ಮನೆಯಲ್ಲಿ ಏನೂ ಅನ್ನಲ್ವಾ ಅಂತ. ಅವರಿಗೆ ಪ್ರಶ್ನೆಯೇ ಅರ್ಥವಾಗಲಿಲ್ಲ. 'ಏನಕ್ಕೆ ಅನ್ನುತ್ತಾರೆ? ಹಾಡಿ ಮನೆಗೆ ಹೋಗ್ತೇವಲ್ಲ.'

ಮೂರನೇ ದಿನ, ಶನಿವಾರ

ಕಛೇರಿಯ ದಿನ ಇವಳು ಮಾತಾಡುವುದಿಲ್ಲ, ದನಿ ಉಳಿಸಲು. ಹಾಗಾಗಿ ಆ ದಿನ ಕಾರ್ಯಕ್ರಮದವರೆಗೂ ನಮ್ಮ ಗುಂಪಿನಲ್ಲಿ ಮಾತಾಡುತ್ತಿದ್ದವನು ನಾನೊಬ್ಬನೇ. ಬಿಸಿನೀರು, ಕಲ್ಲುಸಕ್ಕರೆ, ಕರಿಮೆಣಸು ಒದಗಿಸಿದೆ. ಮೆಣಸಿಗೆ ಅಂಗಡಿಗೆ ಹೋಗಬೇಕಿರಲಿಲ್ಲ, ಅಜ್ಜ ಕಣದಿಂದ ಒಂದು ಹಿಡಿ ತಂದುಕೊಟ್ಟರು.

ನಾಲ್ಕು ಗಂಟೆಗೆ ಭಾವ ಮೃದಂಗ ಬಿಚ್ಚಿ, ಗುಟ್ಟ ಕಲ್ಲು ತೆಗೆದು ಶ್ರುತಿ ಮಾಡಲು ಕೂತರು. ಮಂಜಿಗೆ ಚರ್ಮ ಸಡಿಲವಾಗಿತ್ತು. ಬಲಗಡೆ ಹೇಗೋ ಕೂಡಿಸಿದರು. ಎಡಗಡೆಗೆ ರವೆ ಹಚ್ಚಬೇಕು. ಗೊತ್ತಿಲ್ಲದವರಿಗೆ ಹೇಳುತ್ತೇನೆ, ಮೃದಂಗದ ಎಡಭಾಗದ ನಡುವೆ ರವೆಯನ್ನು ನೀರಿನಲ್ಲಿ ಕಲಸಿ ಮೆತ್ತುತ್ತಾರೆ, ಅದರಿಂದಲೇ ಆ ಗುಂ ಅನ್ನುವ ದನಿ. ಕಛೇರಿ ಮುಗಿದ ಮೇಲೆ ಕೆರೆದು ತೆಗೆಯುತ್ತಾರೆ. ಪ್ರತಿ ಸಲ ಹೊಸದು ಬೇಕು. ಭಾವ ಚೀಲದ ಎಲ್ಲಾ ಜೇಬು ತಡಕಿದರು. ರವೆ ಇಲ್ಲ.

ಅಡುಗೆಮನೆಗೆ ಓಡಿದೆ. ಅಜ್ಜಿ ಡಬ್ಬಗಳನ್ನೆಲ್ಲ ತೆಗೆದರು. ಅಕ್ಕಿ ಹಿಟ್ಟಿದೆ, ಕಡಂಬುಟ್ಟಿಗೆ ಒಡೆದ ಅಕ್ಕಿ ತರಿ ಇದೆ, ಪಾಪುಟ್ಟಿಗೆ ಬೇರೆ ತರಿ ಇದೆ. ಗೋಧಿ ರವೆ ಮಾತ್ರ ಇಲ್ಲ. 'ನಮ್ಮಲ್ಲಿ ಉಪ್ಪಿಟ್ಟು ಮಾಡೋದು ಕಮ್ಮಿ' ಅಂತ ಪೇಚಾಡಿಕೊಂಡರು. ಅಕ್ಕಿ ತರಿ ಅಂಟುವುದಿಲ್ಲ, ನಾಲ್ಕು ಏಟಿಗೆ ಉದುರುತ್ತದೆ. ನಾಪೋಕ್ಲು ಪೇಟೆಗೆ ಹೋಗಿ ಬರುತ್ತೇನೆ ಅಂತ ಕಾರಿನ ಕೀಲಿ ಹುಡುಕುತ್ತಿದ್ದೆ. ಅಷ್ಟರಲ್ಲಿ ಅಕ್ಕ ಪಿಟೀಲಿನ ಪೆಟ್ಟಿಗೆ ತೆಗೆದರು. ರಾಳ ಇಡುವ ಸಣ್ಣ ಖಾನೆಯಿಂದ ಒಂದು ಪ್ಲಾಸ್ಟಿಕ್ ಪೊಟ್ಟಣ ತೆಗೆದು, ಭಾವನಿಗಲ್ಲ, ಮೃದಂಗದ ಪಕ್ಕ ಜಮಖಾನೆಯ ಮೇಲೆ ಇಟ್ಟು ತಮ್ಮ ಜಾಗಕ್ಕೆ ಹೋಗಿ ಕೂತರು. ಎರಡು ಹಿಡಿ ರವೆ, ರಬ್ಬರ್ ಬ್ಯಾಂಡ್ ಹಾಕಿತ್ತು. ಭಾವ ಅದನ್ನು ಸ್ವಲ್ಪ ಹೊತ್ತು ನೋಡಿದರು. ಆಮೇಲೆ ನೀರು ಹಾಕಿ ಕಲಸಿದರು. ಥ್ಯಾಂಕ್ಸ್ ಗೀಂಕ್ಸ್ ಏನೂ ಇಲ್ಲ.

ನಿರೂಪಣೆ ಮಾಡಿದವರು ಉತ್ಸಾಹದಲ್ಲಿದ್ದರು. ಇವಳನ್ನು ವಿದುಷಿ ಅಂದರು. 'ಮೃದಂಗದಲ್ಲಿ ವಿದ್ವಾನ್' ಅಂತ ಭಾವನ ಹೆಸರು ಹೇಳಿ, 'ಪಿಟೀಲಿನಲ್ಲಿ ಅವರ ಧರ್ಮಪತ್ನಿ ಶ್ರೀಮತಿ' ಅಂತ ಅಕ್ಕನ ಹೆಸರು ಹೇಳಿದರು. ಅಕ್ಕ ಭಾವನಿಗಿಂತ ಎರಡು ವರ್ಷ ಮುಂಚೆ ವಿದ್ವತ್ ಪಾಸು ಮಾಡಿದವರು. ನನಗೆ ಗಂಗೂಬಾಯಿ ಹಾನಗಲ್ ನೆನಪಾದರು. ಗಂಡಸಾದರೆ ಉಸ್ತಾದ್ ಆಗುತ್ತಾನೆ, ಪಂಡಿತ್ ಆಗುತ್ತಾನೆ, ಹೆಂಗಸು ಎಷ್ಟು ಹಾಡಿದರೂ ಬಾಯಿಯಾಗಿಯೇ ಉಳಿಯುತ್ತಾಳೆ ಅಂತ ಅವರು ಹೇಳುತ್ತಿದ್ದರು. ಮಗಳ ಕಿವಿಗೆ ಹಿಂದೂಸ್ತಾನಿ ಸರಿಯಾಗಿ ಕೂರಲಿ ಅಂತ ಅವರ ತಾಯಿ ಅಂಬಾಬಾಯಿ ತಮ್ಮ ಕರ್ನಾಟಕ ಸಂಗೀತವನ್ನೇ ನಿಲ್ಲಿಸಿದರು. ಗಂಗೂಬಾಯಿ ಹದಿನಾರನೇ ವಯಸ್ಸಿಗೆ ವಕೀಲ ಗುರುರಾವ್ ಕೌಲಗಿಯವರ ಕೈ ಹಿಡಿದರು, ಮಕ್ಕಳನ್ನು ಸಾಕಿದರು, ಹುಬ್ಬಳ್ಳಿಯಿಂದ ಕುಂದಗೋಳಕ್ಕೆ ರೈಲಿನಲ್ಲಿ ಓಡಾಡಿ ಸವಾಯಿ ಗಂಧರ್ವರ ಹತ್ತಿರ ಕಲಿತರು. ಮಗಳು ಕೃಷ್ಣಾ ಜೊತೆಯಲ್ಲಿ ಕೂತು ದನಿ ಸೇರಿಸುತ್ತಿದ್ದರು. 2004ರಲ್ಲಿ ಆ ಮಗಳು ಹೋದ ಮೇಲೂ ತಾಯಿ ಐದು ವರ್ಷ ಬದುಕಿದ್ದರು. ಅಮ್ಮನಿಂದ ಮಗಳಿಗೆ, ಮಗಳಿಂದ ಅವಳ ಮಗಳಿಗೆ, ಆ ಮನೆಯ ಹಾಡು ಹೀಗೇ ಕೈ ಬದಲಾಯಿಸಿತು. ನಾನು ಮೂರನೇ ಸಾಲಿನಲ್ಲಿ ಇದನ್ನೆಲ್ಲ ಯೋಚಿಸುತ್ತಾ ಕೂತಿರುವಾಗ ವರ್ಣ ಮುಗಿದೇ ಹೋಗಿತ್ತು.

ಕಛೇರಿ ಚೆನ್ನಾಗಿ ಆಯಿತು. ಖರಹರಪ್ರಿಯ ದೊಡ್ಡದಾಗಿ ತಗೊಂಡಳು, ಚಳಿಗೆ ದನಿ ಮೊದಲು ಸ್ವಲ್ಪ ಬಿಗಿಯಾಗಿತ್ತು, ಆಮೇಲೆ ಬಿಟ್ಟಿತು. ಅಕ್ಕ ಹಿಂದೆಯೇ ನುಡಿಸಿದ್ದು ಇವಳಿಗಿಂತ ಒಂದು ಕೈ ಮ್ಯಾಲೆ ಅಂತ ನನ್ನ ಅಭಿಪ್ರಾಯ. ಇದನ್ನು ಮನೆಯಲ್ಲಿ ಹೇಳಿಲ್ಲ. ಮೃದಂಗ ಒಂದೇ ನುಡಿಯುವ ತನಿ ಆವರ್ತನ ಶುರುವಾದಾಗ ಇವಳು ತಾಳ ಹಾಕಬೇಕು, ಹಾಕುತ್ತಿದ್ದಳು. ಏಳು ಎಣಿಕೆಯ ಮಿಶ್ರಛಾಪು. ಭಾವ ಎಲ್ಲೋ ನಿನ್ನೆಯ ದುಡಿಯ ನಡೆಯನ್ನು ಹಿಡಿದು ತಂದರು. ಹಿಂದೆ ಕೂತ ದುಡಿಯವರು ಹೋ ಅಂದರು. ಆ ಗಲಾಟೆಯಲ್ಲಿ ಇವಳ ತಾಳ ಒಂದು ಕ್ಷಣ ತಡವರಿಸಿತು. ಅಕ್ಕ ಕಮಾನನ್ನು ತೊಡೆ ಮೇಲೆ ಇಟ್ಟು, ಭಾವನ ಕಣ್ಣಿಗೆ ಬೀಳುವ ಹಾಗೆ ಕೈ ಎತ್ತಿ ತಾಳ ತಗೊಂಡರು. ಭಾವ ಆ ಕೈಯನ್ನು ನೋಡಿಕೊಂಡೇ ಮೋಹರ, ಕೋರ್ವೆ ಎಲ್ಲ ಮುಗಿಸಿ ಸರಿಯಾಗಿ ಎಡುಪಿಗೆ, ಅಂದರೆ ಹಾಡು ಎತ್ತುವ ಜಾಗಕ್ಕೆ, ಬಂದು ಇಳಿದರು. ಮುಖ ನೋಡಲಿಲ್ಲ, ಕೈ ಮಾತ್ರ.

ಹಾಗಂತ ರಾಜಿ ಆಯಿತು ಅಂದುಕೊಳ್ಳಬೇಡಿ. ನಾನೂ ಹಾಗೇ ಅಂದುಕೊಂಡಿದ್ದೆ. ರಾತ್ರಿ ಊಟಕ್ಕೆ ಕೂತಾಗ ಅಕ್ಕ, 'ಅವರಿಗೆ ಉಪ್ಪು ಕೊಡಿ, ಸಾರಿಗೆ ಸಾಲದು ಅಂತ ಕಾಣುತ್ತೆ' ಅಂದರು. ನನಗೇ.

ನಾಲ್ಕನೇ ದಿನ, ಭಾನುವಾರ

ಪಾಪುವಿಗೆ ಎರಡನೇ ಬಹುಮಾನ ಬಂದಿತ್ತು. ಎರಡನೇ ಸಾಲಿನಲ್ಲಿ ಶ್ರುತಿ ಇಳಿಯಲಿಲ್ಲವಂತೆ. ಇವಳು ಫೋನ್ ಇಟ್ಟ ಮೇಲೆ ಸ್ವಲ್ಪ ಹೊತ್ತು ಬಚ್ಚಲಮನೆಗೆ ಹೋಗಿ ಬಂದಳು.

ಭಾಗಮಂಡಲದಲ್ಲಿ ಸಂಗಮಕ್ಕೆ ಕಾಲಿಟ್ಟು, ಅಲ್ಲಿಂದ ಎಂಟು ಕಿಲೋಮೀಟರ್ ಮೇಲೆ ತಲಕಾವೇರಿಗೆ ಹೋದೆವು. ಕಾಲು ಜಿವ್ ಅನ್ನುವಷ್ಟು ತಣ್ಣಗಿತ್ತು. ಕಾವೇರಿ ಹುಟ್ಟುವ ಕುಂಡಿಕೆ ನೋಡಿದರೆ ಸಣ್ಣದು, ಮನೆ ಮುಂದಿನ ತುಳಸಿಕಟ್ಟೆಯಷ್ಟು. ಪಕ್ಕದಲ್ಲಿ ಒಬ್ಬರು ತಮ್ಮ ಮೊಮ್ಮಕ್ಕಳಿಗೆ ಕಥೆ ಹೇಳುತ್ತಿದ್ದರು. ಅಗಸ್ತ್ಯ ಮುನಿ ಕಾವೇರಿಯನ್ನು ಮದುವೆಯಾಗುತ್ತೇನೆ ಅಂದಾಗ ಅವಳು ಒಂದೇ ಮಾತು ಕೇಳಿದಳು, ನನ್ನನ್ನು ಒಬ್ಬಳನ್ನೇ ಬಿಟ್ಟು ಹೋಗಬಾರದು. ಮುನಿ ಒಪ್ಪಿದ. ಒಂದು ದಿನ ಅವಳನ್ನು ಕಮಂಡಲದಲ್ಲಿ ಇಟ್ಟು ಹೋದ. ಬರುವಷ್ಟರಲ್ಲಿ ಕಾವೇರಿ ನೀರಾಗಿ ಹರಿದುಬಿಟ್ಟಿದ್ದಳು.

'ಎಲ್ಲಿಗೆ ಹೋಗಿದ್ದ?' ಅಂತ ಒಂದು ಹುಡುಗ ಕೇಳಿದ.

'ಸ್ನಾನಕ್ಕೆ.'

ಅಕ್ಕ ಯಾರ ಕಡೆಯೂ ನೋಡದೆ ಅಂದರು, 'ಬರೀ ಸ್ನಾನಕ್ಕೆ.'

ಒಂಬತ್ತು ದಿನದಲ್ಲಿ ಮೊದಲ ಸಲ ಅವರ ಮಾತು ನನ್ನ ಮೂಲಕ ಹೋಗಲಿಲ್ಲ. ಭಾವ ನನ್ನ ಕಡೆ ತಿರುಗಿದರು. 'ಅಗಸ್ತ್ಯ ವಾಪಸ್ ಬರೋ ಯೋಚನೆಯಲ್ಲೇ ಹೋಗಿದ್ದ ಅಂತ ಹೇಳಿ.' ನಾನು ಹೇಳಲಿಲ್ಲ. ಅಡಕತ್ತರಿಯಲ್ಲಿ ಸಿಕ್ಕ ಅಡಿಕೆ ಆಗಿ ಆಗಿ ಸಾಕಾಗಿತ್ತು. ಇವಳನ್ನು ಕರೆದುಕೊಂಡು ಬ್ರಹ್ಮಗಿರಿ ಮೆಟ್ಟಿಲು ಹತ್ತಿದೆ. ಮೇಲಿಂದ ನೋಡಿದರೆ ಬೆಟ್ಟದ ಮೇಲೆ ಬೆಟ್ಟ, ಬೆಟ್ಟದ ಮೇಲೆ ಬೆಟ್ಟ. ಕೆಳಗೆ ಅವರಿಬ್ಬರೂ ಕಟ್ಟೆ ಮೇಲೆ ಕೂತಿದ್ದರು. ನಡುವೆ ಕಂಬ ಇರಲಿಲ್ಲ, ಇವಳ ಬ್ಯಾಗು ಇತ್ತು.

ಇಳಿಯುವಾಗ ಬಲಮುರಿಯಲ್ಲಿ ನಿಂತೆವು. ಕಾವೇರಿ ಹೋಗುತ್ತಾಳೆ ಅಂತ ಊರವರೆಲ್ಲ ಅಡ್ಡ ನಿಂತರಂತೆ, ಅವಳು ಹರಿದ ರಭಸಕ್ಕೆ ಹೆಂಗಸರ ಸೀರೆ ನೆರಿಗೆ ಹಿಂದಕ್ಕೆ ಹೋಯಿತಂತೆ, ಅದಕ್ಕೇ ಕೊಡವತಿಯರು ಇವತ್ತಿಗೂ ನೆರಿಗೆ ಹಿಂದೆ ಹಾಕುವುದು. ಇದನ್ನು ಬೆಳಿಗ್ಗೆ ಹೊರಡುವಾಗ ಅಜ್ಜಿ ತಮ್ಮ ಸೀರೆ ತೋರಿಸಿಯೇ ಹೇಳಿದ್ದರು. ಅಲ್ಲಿ ಭಾವನ ಫೋನಿಗೆ ಸಿಗ್ನಲ್ ಬಂತು. ಒಂದು ಮರದ ಕೆಳಗೆ ನಿಂತು ಬಹಳ ಹೊತ್ತು ಇಂಗ್ಲಿಷಿನಲ್ಲಿ ಮಾತಾಡಿದರು. ತಾರೀಖು, ಟಿಕೆಟ್ಟು ಅನ್ನುವಷ್ಟು ಕೇಳಿಸಿತು. ಕೇಳಬಾರದು ಅಂತ ನಾನು ಹೊಳೆ ಹತ್ತಿರ ಹೋದೆ.

ಮೈಸೂರು ಸೇರಿದಾಗ ರಾತ್ರಿ ಒಂಬತ್ತೂಕಾಲು. ಸರಸ್ವತಿಪುರಂನಲ್ಲಿ ಕಾರು ನಿಲ್ಲಿಸಿ ಡಿಕ್ಕಿ ತೆಗೆದೆ. ಭಾವ ಪಿಟೀಲಿನ ಪೆಟ್ಟಿಗೆ ತಗೊಂಡರು, ಅಕ್ಕ ಗುಟ್ಟ ಕಲ್ಲಿನ ಚೀಲ ತಗೊಂಡರು, ಮೃದಂಗ ನನ್ನ ಪಾಲಿಗೆ ಬಂತು. ಗೇಟಿನ ಹತ್ತಿರ ಅಕ್ಕ ನಿಂತು ನನ್ನ ಕಡೆ ತಿರುಗಿದರು. ಭಾವ ಪಕ್ಕದಲ್ಲೇ ಇದ್ದರು.

'ಅವರಿಗೆ ಹೇಳಿ, ಮನೆಯಲ್ಲಿ ರವೆ ಮುಗಿದಿದೆ ಅಂತ.'

ನಾನು ಬಾಯಿ ತೆಗೆಯುವ ಮುಂಚೆಯೇ ಭಾವ ಪಿಟೀಲನ್ನು ಗೇಟಿಗೆ ಒರಗಿಸದೆ, ಅಕ್ಕನ ಕೈಗೇ ಕೊಟ್ಟು, ಪಂಚೆ ಎತ್ತಿ ಕಟ್ಟಿ ಮೂಲೆ ಅಂಗಡಿ ಕಡೆ ನಡೆದರು. ಅಂಗಡಿಯವನು ಅರ್ಧ ಶಟರ್ ಎಳೆದಿದ್ದ.